ಲಿಬ್ಬಿ ವೊಂಡ್ರಾಳ ಗಂಜಿ

ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿನ ದಕ್ಷಿಣ ಭಾಗದಲ್ಲಿ, ವಿಂಟನ್ ಬೀದಿಯಿಂದ ಎರಡು ತಿರುವು ಆಚೆ, ಲಿಬ್ಬಿ ವೊಂಡ್ರಾ ಎಂಬ ಹೆಂಗಸು ಒಬ್ಬಳೇ ಇದ್ದಳು. ವಯಸ್ಸು ಅರವತ್ತಕ್ಕೆ ಎರಡು ಕಡಮೆ. ಅವಳ ಅಡಿಗೆಮನೆಯ ಗೋಡೆಯಲ್ಲಿ ದೇವರ ಪಟವೂ ಇರಲಿಲ್ಲ, ಮಕ್ಕಳ ಫೋಟೋವೂ ಇರಲಿಲ್ಲ. ಊರಿನ ನಕಾಶೆ ಒಂದಿತ್ತು. ಅದರ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಎಳೆದ ಒಂದು ಗೆರೆ ಊರನ್ನು ಸುತ್ತಿಕೊಂಡು ಬಂದಿತ್ತು. ವೃತ್ತವೆನ್ನಲು ಬಾರದು; ಹೆದ್ದಾರಿ ಇರುವ ಕಡೆ ಹೊಟ್ಟೆ ಬಿಟ್ಟು, ಸಿಗ್ನಲ್ಲುಗಳು ಜಾಸ್ತಿ ಇರುವ ಕಡೆ ಒಳಕ್ಕೆ ಸೊಟ್ಟಗಾಗಿ, ಸುಟ್ಟ ಆಲೂಗಡ್ಡೆಯ ಆಕಾರಕ್ಕೆ ಬಂದಿತ್ತು. ಮಕ್ಕಳ ಆಸ್ಪತ್ರೆಗೆ ಮೂವತ್ತು ನಿಮಿಷದಲ್ಲಿ ಬಂದು ಮುಟ್ಟಬಹುದಾದ ಜಾಗವೆಲ್ಲ ಗೆರೆಯ ಒಳಗೆ. ಉಳಿದ ಪ್ರಪಂಚವೆಲ್ಲ ಹೊರಗೆ.

ಇಪ್ಪತ್ತೇಳು ವರ್ಷ ಅವಳು ಆ ಗೆರೆಯೊಳಗೇ ಬದುಕಿದಳು. ಕೆಲಸವೇ ಹಾಗೆ, ಸೊಂಟದ ಪೇಜರು ಕೂಗಿದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು. ಎಳೆಗೂಸಿನ ಎದೆ ತೆರೆದು ಹೃದಯ ರಿಪೇರಿ ಮಾಡುವಾಗ, ಹೃದಯವನ್ನು ಕೊಂಚ ಹೊತ್ತು ನಿಲ್ಲಿಸಲೇಬೇಕು. ಆ ಹೊತ್ತಿನಲ್ಲಿ ರಕ್ತ ಓಡಿಸುವುದು, ಅದಕ್ಕೆ ಉಸಿರು ಕೊಡುವುದು ಎಲ್ಲ ಪಕ್ಕದಲ್ಲಿರುವ ಯಂತ್ರದ ಪಾಲು. ಯಂತ್ರದ ಹಿಂದೆ ಸ್ಟೂಲಿನ ಮೇಲೆ ಕೂತವಳು ಲಿಬ್ಬಿ. ಆಪರೇಷನ್ ಥಿಯೇಟರಿನಲ್ಲಿ ಅವಳಿಗಿದ್ದ ಹೆಸರು 'ಪಂಪು'. 'ಪಂಪು ರೆಡಿನಾ?' ಎಂದು ಕೇಳಿದರೆ 'ರೆಡಿ' ಎನ್ನುವುದು ಯಂತ್ರವಲ್ಲ, ಇವಳು. ಊರಿಗೆಲ್ಲ ಈ ಕೆಲಸ ಬಲ್ಲವರು ಇಬ್ಬರೇ: ಲಿಬ್ಬಿ ಮತ್ತು ಅವಳ ಜೊತೆಯ ಟ್ರಿಶ್. ಟ್ರಿಶ್‌ಗೆ ಮೂರು ಮಕ್ಕಳು, ಫುಟ್‌ಬಾಲ್ ಹುಚ್ಚಿನ ಗಂಡ. ಹೀಗಾಗಿ ರಜೆದಿನದ ಪಾಳಿಗಳು ತಾವಾಗಿಯೇ ಬಂದು ಲಿಬ್ಬಿಯ ಕೊರಳಿಗೆ ಬೀಳುತ್ತಿದ್ದವು, ಅವಳೂ ಬೇಡವೆನ್ನುತ್ತಿರಲಿಲ್ಲ.

ಅವಳದ್ದು ವಿಚಿತ್ರ ದಂಧೆ. ಗಿರಾಕಿಗೆ ಮಾತು ಬಾರದು, ಗಿರಾಕಿಯ ತಾಯ್ತಂದೆಯರಿಗೆ ಅಂಗಡಿಯವಳ ಮುಖ ಗೊತ್ತಿಲ್ಲ. ಮಗು ಗುಣವಾಗಿ ಮನೆಗೆ ಹೋಗುವ ದಿನ ಚಾಕಲೇಟಿನ ಬುಟ್ಟಿ ನರ್ಸುಗಳಿಗೆ, ಅಪ್ಪುಗೆ ಸರ್ಜನ್ನರಿಗೆ. ಒಂದು ವರ್ಷ ಮಾತ್ರ ಯಾರೋ ಪುಣ್ಯಾತ್ಮರು ಕಾರ್ಡಿನ ಕೊನೆಯಲ್ಲಿ 'ಆ ಯಂತ್ರಕ್ಕೂ ನಮ್ಮ ವಂದನೆ' ಎಂದು ಬರೆದಿದ್ದರು. ಲಿಬ್ಬಿ ಆ ಕಾರ್ಡನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

ಅವಳಲ್ಲಿ ಹೆಮ್ಮೆಪಡುವ ವಸ್ತು ಒಂದೇ ಇತ್ತು: ಗಂಜಿ.

ಹುಟ್ಟಿದ ವಾರದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಒಂದು ದೊಡ್ಡ ಲೋಟದಷ್ಟು. ಯಂತ್ರದ ಕೊಳವೆಗಳು ಖಾಲಿ ಇದ್ದರೆ ನಡೆಯದು. ಅವನ್ನು ಮೊದಲೇ ತುಂಬಿಸಿರಬೇಕು. ತುಂಬಿಸಲು ಬೇಕಾದದ್ದೂ ಹೆಚ್ಚುಕಡಮೆ ಅಷ್ಟೇ, ಇನ್ನೊಂದು ಲೋಟ. ಯಂತ್ರ ಸುರುವಾದೊಡನೆ ಎರಡೂ ಬೆರೆಯುತ್ತವೆ. ಅಂದರೆ ಆಮೇಲೆ ಆ ಕೂಸಿನ ಮೈಯಲ್ಲಿ ಹರಿಯುವುದರಲ್ಲಿ ಅರ್ಧ ಅದು ತಾಯಿಯ ಹೊಟ್ಟೆಯಿಂದ ತಂದದ್ದು, ಇನ್ನರ್ಧ ಲಿಬ್ಬಿ ಬೆಳಿಗ್ಗೆ ಆರೂವರೆಗೆ ಚೀಲಗಳಿಂದ ಬಗ್ಗಿಸಿದ್ದು. ಯಾವ ಚೀಲದಿಂದ ಎಷ್ಟು ಎನ್ನುವುದು ಪಂಪಿನವರ ಗುಟ್ಟು. ದೊಡ್ಡ ಮನೆಗಳಲ್ಲಿ ಸಾರಿನ ಪುಡಿಯ ಹದವನ್ನು ಕಾಪಾಡಿಕೊಂಡ ಹಾಗೆ ಒಬ್ಬೊಬ್ಬರೂ ತಮ್ಮ ಹದವನ್ನು ಒಂದು ಕಾರ್ಡಿನಲ್ಲಿ ಬರೆದು, ಸರ್ಜನ್ನರ ಸಹಿ ಹಾಕಿಸಿ, ಯಂತ್ರದ ಮುಚ್ಚಳದ ಒಳಮೈಗೆ ಅಂಟಿಸಿಕೊಳ್ಳುತ್ತಾರೆ.

ಲಿಬ್ಬಿಯ ಕಾರ್ಡಿನಲ್ಲಿ ಮೊದಲ ಸಾಲೇ ಗಂಜಿ. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ದ್ರವ. ಕೊಂಚ ಮಂದ, ನೋಡಲು ತಿಳಿ. ರಕ್ತನಾಳದಲ್ಲೇ ನಿಂತು ನೀರನ್ನು ಹಿಡಿದಿಡುತ್ತದೆ, ಕೂಸು ಊದಿಕೊಳ್ಳುವುದಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡದ ಸರಕು. ಅವಳು ಅದನ್ನು ಹಿಡಿದದ್ದಕ್ಕೆ ಕಾರಣ ಬೇರೆ. ಅವಳು ಕೆಲಸ ಕಲಿತ ಕಾಲದಲ್ಲಿ ಪರರ ರಕ್ತದಿಂದ ರೋಗ ಬರುತ್ತದೆಂಬ ಭಯ ಆಸ್ಪತ್ರೆಗಳನ್ನೆಲ್ಲ ಹಿಡಿದಿತ್ತು, ಭಯಕ್ಕೆ ಕಾರಣವೂ ಇತ್ತು. ಕೆಂಪು ಕಣಗಳನ್ನು ಪರರಿಂದ ತರದೆ ಉಪಾಯವಿಲ್ಲ. ಮಿಕ್ಕ ತಿಳಿಭಾಗಕ್ಕಾದರೂ ಮನುಷ್ಯರದ್ದು ಬೇಡ, ಹೊಲದಲ್ಲಿ ಬೆಳೆದದ್ದೇ ಸಾಕು ಎಂದು ಅವಳು ನಿಶ್ಚಯಿಸಿದಳು. ಕಣ್ಣು ಹಾಯುವಷ್ಟೂ ಜೋಳ ಬೆಳೆಯುವ ನೆಬ್ರಾಸ್ಕಾದವಳಿಗೆ ಅದರ ಮೇಲೆ ನಂಬಿಕೆ ಬರಲು ಬಹಳ ಉಪದೇಶ ಬೇಕಿಲ್ಲ. 'ಕಂಡೋರ ರಕ್ತ ಎಷ್ಟು ಕಡಮೆ ಹೋದ್ರೆ ಅಷ್ಟು ಒಳ್ಳೇದು' ಎನ್ನುತ್ತಿದ್ದಳು. ಅಲ್ಲಿಂದ ಇಪ್ಪತ್ತೇಳು ವರ್ಷ ಗಂಜಿ ಬದಲಾಗಲಿಲ್ಲ.

ರಕ್ತದ ಪರಿಚಯವೇನೂ ಅವಳಿಗೆ ಆಸ್ಪತ್ರೆಯಲ್ಲಿ ಆದದ್ದಲ್ಲ. ಅವಳಪ್ಪ ವಿಲ್ಬರ್ ಎಂಬ ಸಣ್ಣ ಊರಿನ ಚೆಕ್ ವಲಸೆಗಾರರ ಕಸಾಯಿ. ನವೆಂಬರಿನಲ್ಲಿ ಹಂದಿ ಕೊಯ್ಯುವ ದಿನ, ರಕ್ತದ ಸಾಸೇಜಿಗೆಂದು ಬಿಸಿ ರಕ್ತವನ್ನು ಬೇಸಿನ್ನಿಗೆ ಹಿಡಿದು, ಅದು ಹೆಪ್ಪುಗಟ್ಟದ ಹಾಗೆ ಕೈಯಾಡಿಸುವ ಕೆಲಸ ಮನೆಯ ಸಣ್ಣವಳದ್ದು. ಬೆರಳಿಗೆ ಬಿಳಿ ನಾರಿನಂಥ ಎಳೆಗಳು ಸುತ್ತಿಕೊಳ್ಳುತ್ತವೆ. ಅವನ್ನು ಎಳೆದು ನಾಯಿಗೆ ಎಸೆಯಬೇಕು, ಮತ್ತೆ ಆಡಿಸಬೇಕು. ನಾರು ಪೂರ್ತಿ ಹೋದ ಮೇಲೆ ಆ ರಕ್ತ ಇನ್ನೆಂದೂ ಕಟ್ಟುವುದಿಲ್ಲ. ಆರು ವರ್ಷಕ್ಕೇ ಲಿಬ್ಬಿಗೆ ಇದು ಗೊತ್ತಿತ್ತು.

ಸ್ನೇಹಿತನೆಂದು ಅವಳಿಗಿದ್ದವನು ಒಬ್ಬ. ಡಾಕ್ಟರ್ ಹಾರ್ಲನ್ ಕ್ವಿಗ್ಲಿ, ಅದೇ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಅವಳ ಪಂಪಿನ ಎದುರು ನಿಂತು ಹೊಲಿದ ಸರ್ಜನ್. ಥಿಯೇಟರುಗಳಲ್ಲಿ ಒಂದು ಪದ್ಧತಿ ಇದೆ. ರಕ್ತ ನಿಲ್ಲದಿದ್ದರೆ ಸರ್ಜನ್ ಪಂಪಿನವಳತ್ತ ನೋಡುತ್ತಾನೆ, ಪಂಪಿನವಳು ಅರಿವಳಿಕೆಯವನತ್ತ ನೋಡುತ್ತಾಳೆ, ಅವನು ಚಾವಣಿ ನೋಡುತ್ತಾನೆ. ಕ್ವಿಗ್ಲಿ ಹಾಗಲ್ಲ, ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ.

ಒಂಬತ್ತು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಿಗ್ಗೆ, ಜೋಸಿ ಎಂಬ ಹನ್ನೆರಡು ದಿನದ ಹೆಣ್ಣುಕೂಸು ಬಂತು. ತೂಕ ಎರಡು ಕಿಲೋ ಎಂಟುನೂರು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿದ್ದವು. ಕತ್ತರಿಸಿ, ಜಾಗ ಬದಲಿಸಿ, ಹೊಲಿಯಬೇಕು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು, ಹೃದಯ ತಾನಾಗಿ ಬಡಿಯಿತು. ರಕ್ತ ಮಾತ್ರ ನಿಲ್ಲಲಿಲ್ಲ. ಕ್ವಿಗ್ಲಿ ಎರಡು ಸಲ ಮತ್ತೆ ಎದೆ ತೆರೆದ. ಇಲ್ಲೇ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸುವಂಥ ಒಂದು ಜಾಗವೂ ಸಿಗಲಿಲ್ಲ. ಎಲ್ಲ ಅಂಚಿನಿಂದಲೂ ಬೆವರಿನಂತೆ ಜಿನುಗುತ್ತಿತ್ತು. ಮರುದಿನ ಹನ್ನೊಂದು ಗಂಟೆಗೆ ಕೂಸು ಹೋಯಿತು. ಕ್ವಿಗ್ಲಿ ಹೊರಗೆ ಹೋಗಿ ಅದರ ತಾಯ್ತಂದೆಗೆ, 'ನನ್ನ ಹೊಲಿಗೆ ಸಾಲದಾಯಿತು' ಎಂದ. ಯಾರೂ ಅವನನ್ನು ಹಾಗೆ ಹೇಳೆಂದು ಕೇಳಿರಲಿಲ್ಲ. ಕೆಲವು ತಿಂಗಳು ಕಳೆದು ಸೂಜಿ ಕೆಳಗಿಟ್ಟು, ಪ್ಲಾಟ್ ನದಿಯ ದಂಡೆಯಲ್ಲಿದ್ದ ತನ್ನ ಮರದ ಮನೆಗೆ ಹೋಗಿ ಕೂತ. ಹೆಂಡತಿ ಅದಕ್ಕೂ ಮೊದಲೇ ಬಿಟ್ಟುಹೋಗಿದ್ದಳು.

ಅವನ ಮನೆ ಐವತ್ತು ನಿಮಿಷದ ದಾರಿ, ಕೆಂಪು ಗೆರೆಯಿಂದ ಬಹಳ ಆಚೆ. ಆದ್ದರಿಂದ ಅವನೇ ಬರುತ್ತಿದ್ದ. ಪ್ರತಿ ಶುಕ್ರವಾರ ಸಂಜೆ ಐದಕ್ಕೆ, ವಿಂಟನ್ ಬೀದಿಯ ಮೀನಿನ ಹೋಟೆಲಿನಲ್ಲಿ, ಕಿಟಕಿಯ ಪಕ್ಕದ ಮೇಜು. ಕರಿದ ಕಾರ್ಪ್ ಮೀನು, ರೈ ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಅವನಿಗೆ ಬಿಯರು, ಪಾಳಿಯಲ್ಲಿರುವ ಲಿಬ್ಬಿಗೆ ರೂಟ್ ಬಿಯರು, ಅದು ಹೆಸರಿಗಷ್ಟೇ ಬಿಯರು.

"ಬಂದ್ಲಪ್ಪಾ, ಗೂಟಕ್ಕೆ ಕಟ್ಟಿದ್ ಹಸು," ಎನ್ನುತ್ತಿದ್ದ ಕ್ವಿಗ್ಲಿ. "ಹಗ್ಗ ಇಲ್ಲೀತನಕ ಎಟುಕ್ತಾ?"

"ಹನ್ನೊಂದ್ ನಿಮಿಷ ಡಾಕ್ಟ್ರೇ. ಇನ್ನೂ ಹತ್ತೊಂಬತ್ ನಿಮಿಷದ್ ಹಗ್ಗ ಉಳ್ದಿದೆ."

"ಉಳ್ಸಿ ಉಳ್ಸಿ ಏನ್ಮಾಡ್ತೀಯೆ, ಬಟ್ಟೆ ಒಣಗಾಕ್ತೀಯಾ?"

ಹೀಗೆ ಸುರುವಾದ ಮಾತು ಎರಡನೆಯ ಬಿಯರಿಗೆ ಬಂದಾಗ ತಪ್ಪದೆ ಒಂದೇ ಕಡೆಗೆ ತಿರುಗುತ್ತಿತ್ತು. "ಹಿಂದಿನ್ ಸಾಲಿನ್ ಮೂರನೇ ಹೊಲಿಗೆ, ಲಿಬ್ಬಿ. ಒಂದೆಳೆ ಅಗಲ ಬಿಟ್ಟೆ." ಲಿಬ್ಬಿ, "ಇರ್ಲಿ ಬಿಡಿ ಡಾಕ್ಟ್ರೇ, ಮೀನು ಆರೋಗತ್ತೆ," ಎನ್ನುತ್ತಿದ್ದಳು. ಒಂಬತ್ತು ವರ್ಷದ ಶುಕ್ರವಾರಗಳಲ್ಲಿ ಅವರು ಇದಕ್ಕಿಂತ ಹೆಚ್ಚು ಮಾತಾಡಿದ್ದು ಹವಾಮಾನದ ವಿಷಯ ಒಂದೇ.

ಈ ಸಲದ ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಹೊಸ ಸಲಕರಣೆ ಬಂತು. ಸಣ್ಣ ಬಟ್ಟಲಿನಲ್ಲಿ ಎರಡು ಹನಿ ರಕ್ತ ಹಾಕಿದರೆ, ಅದು ಹೇಗೆ ಹೆಪ್ಪುಗಟ್ಟುತ್ತದೆ, ಕಟ್ಟಿದ ಹೆಪ್ಪು ಎಷ್ಟು ಗಟ್ಟಿ ಎಂಬುದನ್ನು ಕಾಗದದ ಮೇಲೆ ಚಿತ್ರವಾಗಿ ಬರೆಯುವ ಪೆಟ್ಟಿಗೆ. ಹೆಪ್ಪು ಗಟ್ಟಿಯಾದಷ್ಟೂ ಚಿತ್ರದ ಹೊಟ್ಟೆ ಅಗಲವಾಗುತ್ತದೆ. ಪೆಟ್ಟಿಗೆಯ ಬಳಕೆ ಕಲಿಯಲು ರಕ್ತ ಬೇಕು. ಕಲಿಯುವವರ ರಕ್ತವೇ ಕೈಗೆ ಹತ್ತಿರ. ಆಪರೇಷನ್ ಇಲ್ಲದ ಒಂದು ಬುಧವಾರ ಬೆಳಿಗ್ಗೆ ಲಿಬ್ಬಿ ಅಂಗಿಯ ತೋಳು ಮಡಚಿ ಕೈ ಕೊಟ್ಟಳು.

"ಏನ್ರೀ ಲಿಬ್ಬಿ, ನಿಮ್ಮೈಲೂ ರಕ್ತ ಇದೆ! ನಾವೆಲ್ಲ ಕಾಫಿ ಅಂದ್ಕೊಂಡಿದ್ವಿ," ಎಂದಳು ಟ್ರಿಶ್ ಸೂಜಿ ಚುಚ್ಚುತ್ತ.

"ಮೂರ್ ಭಾಗ ಮಾಡು. ಒಂದು ಬರೀ ರಕ್ತ. ಒಂದಕ್ಕೆ ಸಮ ಅರ್ಧ ಆಲ್ಬುಮಿನ್ ಬೆರ್ಸು. ಇನ್ನೊಂದಕ್ಕೆ ನನ್ ಗಂಜಿ."

ಆಲ್ಬುಮಿನ್ ಎಂದರೆ ಮನುಷ್ಯರ ರಕ್ತದಿಂದ ತೆಗೆದ, ಶುದ್ಧಮಾಡಿದ ಪ್ರೋಟೀನು. ಬೇರೆ ಊರುಗಳಲ್ಲಿ ಪಂಪಿನವರು ಅದನ್ನು ತುಂಬಿಸುತ್ತಾರೆಂದು ಲಿಬ್ಬಿಗೆ ಗೊತ್ತಿತ್ತು. ಅದರ ಎದುರು ತನ್ನ ಗಂಜಿ ನಿಂತು ತೋರಿಸಲಿ ಎಂಬ ಸಣ್ಣ ಜಂಬವೂ ಇತ್ತು. ಒಳ್ಳೆಯ ಸರಕು ಇದ್ದವರು ತಕ್ಕಡಿಗೆ ಹೆದರುವುದಿಲ್ಲವಲ್ಲ.

ಬರೀ ರಕ್ತದ ಚಿತ್ರ ಅಗಲವಾಗಿ ತೆರೆದುಕೊಂಡಿತು. ಆಲ್ಬುಮಿನ್ ಬೆರೆತದ್ದು ಕೊಂಚ ಸಣ್ಣದಾಯಿತು. ಅರ್ಧ ನೀರಾದ ಮೇಲೆ ಅಷ್ಟು ಆಗಲೇಬೇಕು. ಗಂಜಿಯ ಗೆರೆ ಬಹಳ ಹೊತ್ತು ಒಂದೇ ದಾರದಂತೆ ಹೋಗಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಎರಡಾಗಿ, ಮಳೆಯಿಲ್ಲದ ವರ್ಷದ ಸೋಯಾ ಕಾಯಿಯ ಹಾಗೆ ಸೊರಗಿ ನಿಂತಿತು.

"ಕೈ ತಪ್ಪಿರ್ಬೇಕು. ಇನ್ನೊಂದ್ಸಲ," ಎಂದಳು ಲಿಬ್ಬಿ.

ಇನ್ನೊಂದು ಸಲವೂ ಸೋಯಾ ಕಾಯಿಯೇ. ಟ್ರಿಶ್ ತನ್ನ ತೋಳೂ ಕೊಟ್ಟಳು. ಅವಳ ಗಟ್ಟಿಮುಟ್ಟಾದ ರಕ್ತವೂ ಗಂಜಿ ಬೆರೆತೊಡನೆ ಸೊರಗಿತು. ಲಿಬ್ಬಿ ಆ ಬಟ್ಟಲಿನ ಹೆಪ್ಪನ್ನು ಕಡ್ಡಿಯಿಂದ ಎತ್ತಿ ನೋಡಿದಳು. ಅದು ಎದ್ದುಬರದೆ ಜಾರಿತು. ಅಪ್ಪನ ಬೇಸಿನ್ನಿನಲ್ಲಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ನಾರು ಇದರಲ್ಲಿ ನಾರಾಗಿಯೇ ಇರಲಿಲ್ಲ.

"ಹಾಗಿದ್ರೆ ಬದ್ಲಾಯ್ಸೋಣ," ಎಂದಳು ಟ್ರಿಶ್, ಸಾಬೂನು ಬದಲಾಯಿಸುವವಳಂತೆ. "ಇದ್ರ್ ಮೇಲೆ ಲೇಖನಗಳು ಬಂದಿದ್ವಲ್ಲ?"

ಬಂದಿದ್ದವು. ಲಿಬ್ಬಿ ಓದಿಯೂ ಇದ್ದಳು. ಅವೆಲ್ಲ ದೊಡ್ಡವರ ವಿಷಯ, ಐದೈದು ಲೀಟರು ರಕ್ತ ಇಟ್ಟುಕೊಂಡವರ ಮಾತು, ನನ್ನ ಗಿರಾಕಿಗಳೇ ಬೇರೆ ಎಂದು ಮಡಚಿ ಇಟ್ಟಿದ್ದಳು. ಐದು ಲೀಟರಿಗೆ ಒಂದು ಲೋಟ ಗಂಜಿ ಬೆರೆತರೆ ಅದು ಎಲ್ಲೋ ಕರಗಿ ಹೋದೀತು. ಒಂದು ಲೋಟಕ್ಕೆ ಅರ್ಧ ಲೋಟ ಬೆರೆತರೆ ಎಲ್ಲಿಗೆ ಹೋದೀತು ಎಂಬ ಲೆಕ್ಕ, ಪ್ರತಿದಿನ ಮಿಲಿಲೀಟರು ಅಳೆಯುವ ಅವಳ ತಲೆಗೆ ಹೊಳೆದಿರಲಿಲ್ಲ. ಸಣ್ಣವರಿಗೆ ಸಣ್ಣ ಅಪಾಯ ಎಂದುಕೊಂಡಿದ್ದಳು.

ಕಾರ್ಡು ಬದಲಾಯಿಸುವುದು ಕಷ್ಟವಾಗಲಿಲ್ಲ. ಡಾಕ್ಟರುಗಳು ಒಂದು ವಾರದಲ್ಲಿ ಒಪ್ಪಿದರು. ಹೊಸ ಸರ್ಜನ್ ಇನೆಸ್, "ನೀವಿನ್ನೂ ಅದನ್ನೇ ಹಾಕ್ತಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿದಳು. ಬದಲಾಯಿಸಲು ಬಾರದ ಕಾರ್ಡು ಒಂದೇ, ಒಂಬತ್ತು ವರ್ಷದ ಹಿಂದಿನದ್ದು. ದಾಖಲೆಯ ಕೋಣೆಯಲ್ಲಿ ಲಿಬ್ಬಿ ಅದನ್ನು ತೆಗೆಸಿ ನೋಡಿದಳು. ಜೋಸಿ, ಎರಡು ಕಿಲೋ ಎಂಟುನೂರು. ಗಂಜಿ, ನೂರ ಇಪ್ಪತ್ತು ಮಿಲಿಲೀಟರು. ಕೆಳಗೆ ಕ್ವಿಗ್ಲಿಯ ಸಹಿ.

ಸೋರುವ ಜಾಗವೇ ಸಿಗದೆ ಎಲ್ಲ ಅಂಚೂ ಜಿನುಗುವುದು ಹೊಲಿಗೆಯ ಲಕ್ಷಣವಲ್ಲ, ರಕ್ತದ ಲಕ್ಷಣ. ಇದು ಅವಳಿಗೆ ಆ ದಿನವೇ ಹೊಳೆಯಬಹುದಿತ್ತು. ಹೊಳೆಯಲಿಲ್ಲ, ಯಾಕೆಂದರೆ ಆ ದಿನ ಎದುರಿಗಿದ್ದವನು ತಪ್ಪನ್ನು ಆಗಲೇ ತನ್ನ ಹೆಸರಿಗೆ ಬರೆದುಕೊಂಡುಬಿಟ್ಟಿದ್ದ.

ಪೆಟ್ಟಿಗೆ ಬರೆದ ಮೂರು ಚಿತ್ರಗಳ ಕಾಗದವನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡು ಶುಕ್ರವಾರ ಮೀನಿನ ಹೋಟೆಲಿಗೆ ಹೋದಳು. ತೆಗೆಯಲಿಲ್ಲ. ಹೇಳಿದರೆ ಅವನ ಭಾರ ಇಳಿದೀತು; ಆದರೆ ವಾರಕ್ಕೊಮ್ಮೆ ಎದುರಿಗೆ ಕೂತು 'ಲಿಬ್ಬಿ' ಎನ್ನುವ ಮನುಷ್ಯ ಉಳಿಯುತ್ತಾನೆಯೇ? ಹೇಳದಿದ್ದರೆ ಅವನು ಉಳಿಯುತ್ತಾನೆ, ಮೂರನೆಯ ಹೊಲಿಗೆಯೂ ಉಳಿಯುತ್ತದೆ. ಅದರ ಮುಂದಿನ ಶುಕ್ರವಾರವೂ ಕಾಗದ ಚೀಲದಲ್ಲೇ ಉಳಿಯಿತು. ಅಂದು ಕ್ವಿಗ್ಲಿ ಬ್ರೆಡ್ಡು ಮುರಿಯುತ್ತ ಹೇಳಿದ:

"ಕಾಲೇಜಿನೋರು ಫೋನ್ ಮಾಡಿದ್ರು. ಹೊಸಬ್ರಿಗೆ ಹೊಲಿಯೋದ್ ಹೇಳ್ಕೊಡಿ, ವಾರಕ್ಕೆರಡ್ ದಿನ, ಅಂತ."

"ಒಪ್ಕೊಂಡ್ರಾ?"

"ಈ ಕೈ ಏನ್ ಕಲ್ಸತ್ತೆ? ಬಿಡೋದ್ ಹೇಗೆ ಅಂತ್ಲಾ?" ಕೈಯನ್ನು ದೀಪಕ್ಕೆ ಹಿಡಿದು ನೋಡಿ, ಮೇಜಿನ ಕೆಳಗೆ ಇಟ್ಟುಕೊಂಡ.

ಬಡಿಸುವ ವಿಲ್ಮಾ ತಟ್ಟೆ ತೆಗೆಯಲು ಬಂದು, "ಏನೇ ಲಿಬ್ಬಿ, ಮೀನು ಹಾಗೇ ಇದೆ? ನಮ್ಮಡಿಗೆಯೋನ್ ಮೇಲೆ ಕೋಪಾನಾ?" ಎಂದಳು. ಲಿಬ್ಬಿ ಮೀನನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು. ಕಾರ್ಪ್ ಮೀನು ಆರಿದ ಮೇಲೆ ತಿನ್ನಲು ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಪೇಜರನ್ನು ಟ್ರಿಶ್‌ಳ ಮನೆಗೆ ಒಯ್ದು ಕೊಟ್ಟಳು.

"ಹುಷಾರಿಲ್ವಾ? ಯಾರಾದ್ರೂ ತೀರ್ಕೊಂಡ್ರಾ?" ಟ್ರಿಶ್ ಬಾಗಿಲಲ್ಲೇ ಗಾಬರಿಯಾದಳು. ಲಿಬ್ಬಿ ತಾನಾಗಿ ಪೇಜರು ಬಿಟ್ಟುಕೊಟ್ಟದ್ದನ್ನು ಅವಳು ಕಂಡಿರಲಿಲ್ಲ.

"ಸಂಜೆಗೆ ಬರ್ತೀನಿ."

"ಎಲ್ಲಿಗೆ ಅಂತಾದ್ರೂ ಹೇಳ್ರೀ."

"ಗೆರೆಯಾಚೆ," ಎಂದಳು ಲಿಬ್ಬಿ.

ಗೆರೆ ಬೀಳುವ ಜಾಗದಲ್ಲಿ ಒಂದು ಬೀಜದಂಗಡಿ, ಪಕ್ಕದಲ್ಲಿ ಟ್ರ್ಯಾಕ್ಟರು ನಿಲ್ಲಿಸುವ ಬಯಲು. ಅದನ್ನು ದಾಟುವಾಗ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗಿ ಅಲ್ಲಿಲ್ಲದ ಪೇಜರನ್ನು ತಡಕಿತು. ಬೇರೇನೂ ಆಗಲಿಲ್ಲ. ಕೊಯ್ಲಾದ ಜೋಳದ ಹೊಲಗಳು ಎರಡೂ ಬದಿಗೆ ನದಿಯವರೆಗೂ ಹಾಗೇ ಹೋಗುತ್ತಿದ್ದವು.

ಕ್ವಿಗ್ಲಿ ಬಾಗಿಲು ತೆರೆದು, ಅವಳನ್ನೂ ಅವಳ ಕಾರನ್ನೂ ನೋಡಿ, "ಹಗ್ಗ ಕಿತ್ಕೊಂಡ್ ಬಂದ್ಯಾ!" ಎಂದ. ಮುಖ ಅರಳಿತ್ತು. ಒಂಬತ್ತು ವರ್ಷದಲ್ಲಿ ಅವಳು ಅವನ ಮನೆ ನೋಡಿರಲಿಲ್ಲ. ಒಳಗೆ ಒಂದು ಕುರ್ಚಿ, ಒಂದು ದೀಪ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಏನೋ ಬಿಳಿಯದ್ದು ಜೋಡಿಸಿತ್ತು. ಹತ್ತಿರ ಹೋದರೆ ರಬ್ಬರು ಕೈಗವುಸಿನ ಬೆರಳುಗಳು. ಒಂದೊಂದನ್ನೂ ಅಡ್ಡ ಕತ್ತರಿಸಿ, ಮತ್ತೆ ಕೂಡಿಸಿ, ಕೂದಲಿಗಿಂತ ಸಣ್ಣ ನೀಲಿ ದಾರದಿಂದ ಸುತ್ತ ಹೊಲಿದಿತ್ತು. ನೂರಾರು ಇದ್ದವು. ಪೆಟ್ಟಿಗೆಯಲ್ಲಿ ಇನ್ನೂ ಇದ್ದವು.

"ಹಿಂದಿನ್ ಸಾಲು," ಎಂದ ಕ್ವಿಗ್ಲಿ, ನಾಚಿದವನಂತೆ. "ಚಳಿಗಾಲ್ದಲ್ಲಿ ಬೇರೇನ್ ಕೆಲ್ಸ ಇಲ್ಲಿ? ನೀರ್ ತುಂಬ್ಸಿ ನೋಡ್ತೀನಿ. ಒಂದೂ ಸೋರಲ್ಲ ನೋಡು."

ಲಿಬ್ಬಿ ಕೋಟು ಬಿಚ್ಚಲಿಲ್ಲ. ಕಾಗದ ತೆಗೆದು ಆ ಬೆರಳುಗಳ ಪಕ್ಕದಲ್ಲೇ ಬಿಡಿಸಿಟ್ಟಳು. "ಇದು ನನ್ ರಕ್ತ ಡಾಕ್ಟ್ರೇ. ಇದು ಆಲ್ಬುಮಿನ್ ಹಾಕಿದ್ದು. ಇದು ನನ್ ಗಂಜಿ ಹಾಕಿದ್ದು."

ಅವನು ಕನ್ನಡಕ ಹುಡುಕಿ ಹಾಕಿಕೊಂಡ. ಸೋಯಾ ಕಾಯಿಯ ಮೇಲೆ ಉಗುರಿಟ್ಟು ನಿಧಾನವಾಗಿ ಈ ತುದಿಯಿಂದ ಆ ತುದಿಯವರೆಗೆ ಎಳೆದ.

"ಅವತ್ತು ಎಷ್ಟ್ ಹಾಕಿದ್ದೆ?"

"ನೂರಿಪ್ಪತ್ತು."

"ಎರಡ್ ಕಿಲೋ ಎಂಟುನೂರರ್ ಕೂಸಿಗೆ."

"ಹೌದು."

"ಸಹಿ?"

"ನಿಮ್ದೇ. ಆದ್ರೆ ನೀವ್ ಓದ್ತಿರ್ಲಿಲ್ಲ. ನಾನ್ ಕೊಟ್ರೆ ಹಾಕ್ತಿದ್ರಿ."

"ನಂಬ್ಕೆ ಇತ್ತು," ಎಂದ ಕ್ವಿಗ್ಲಿ. ಹೊರಗೆ ನದಿಯ ಮೇಲೆ ಬಾತುಗಳು ಕೂಗುತ್ತಿದ್ದವು. "ಇದು ಇತ್ತೀಚೆಗ್ ಗೊತ್ತಾಗಿದ್ದಾ?"

"ನೋಡಿದ್ ಈ ತಿಂಗ್ಳು. ಓದಿದ್ ಮುಂಚೇನೇ. ದೊಡ್ಡೋರ ವಿಷ್ಯ ಅಂತ ಬಿಟ್ಟೆ." ಕಾಗದದತ್ತ ಬೆರಳು ಮಾಡಿ, "ಇದ್ರಿಂದ್ಲೇ ಹೋಯ್ತು ಅಂತ ನಾನ್ ಹೇಳಕ್ಕಾಗಲ್ಲ. ಯಾರೂ ಹೇಳಕ್ಕಾಗಲ್ಲ. ನಿಮ್ಮೊಬ್ರಿಂದ್ಲೇ ಅಲ್ಲ ಅಂತ ಹೇಳ್ಬೋದು. ಕಾಲೇಜಿನೋರಿಗೆ ಹೂಂ ಅನ್ನಿ."

ಅವನು ಹಗುರಾಗುತ್ತಾನೆಂದು ಅವಳು ಕಾದಳು. ಬಂದ ದಾರಿಯುದ್ದಕ್ಕೂ ಕಲ್ಪಿಸಿಕೊಂಡದ್ದು ಅದನ್ನೇ. ಆಮೇಲೆ ಕೋಪ ಬರಲಿ, ಬೈಯಲಿ, ಮೊದಲು ಒಂದು ಉಸಿರು ಬಿಡಲಿ. ಕ್ವಿಗ್ಲಿ ಉಸಿರು ಬಿಡಲಿಲ್ಲ. ಕಿಟಕಿಯ ಕಟ್ಟೆಯಲ್ಲಿದ್ದ ರಬ್ಬರು ಬೆರಳುಗಳನ್ನು ನೋಡುತ್ತ ನಿಂತ. ಒಂಬತ್ತು ಚಳಿಗಾಲ ಕೂತು ಹೊಲಿದ ವಸ್ತುವಿಗೆ ಪೇಟೆಯಲ್ಲಿ ಬೇಡಿಕೆಯೇ ಇರಲಿಲ್ಲವೆಂದು ಬಂದು ಹೇಳಿದರೆ ಯಾವ ಕಸುಬುದಾರ ತಾನೇ ಸಂತೋಷಪಟ್ಟಾನು?

"ಆಕಾಶ ಮುಚ್ಕೊಂಡಿದೆ," ಎಂದ ಕಡೆಗೆ. "ದಾರೀಲಿ ಹಿಮ ಸಿಕ್ಕೀತು. ಹೊರಡು."

ಕಾಫಿ ಕೊಡಲಿಲ್ಲ. ಕಾಗದವನ್ನೂ ವಾಪಸು ಕೊಡಲಿಲ್ಲ.

ಆ ಶುಕ್ರವಾರ ಅವನು ಬರಲಿಲ್ಲ. ವಿಲ್ಮಾ ಎರಡು ತಟ್ಟೆ ಹಾಕಿ, ಆರೂವರೆಗೆ ಒಂದನ್ನು ಎತ್ತಿಕೊಂಡು ಹೋದಳು. ಮುಂದಿನ ಶುಕ್ರವಾರವೂ ಬರಲಿಲ್ಲ. "ಜಗ್ಳ ಆಡಿದ್ರಾ?" ಎಂದು ಕೇಳಿದಳು ವಿಲ್ಮಾ. "ಇಲ್ಲ" ಎಂದಳು ಲಿಬ್ಬಿ, ಮತ್ತು ಅದು ನಿಜವೇ ಆಗಿತ್ತು. ಜಗಳವಾಗಿದ್ದರೆ ರಾಜಿಗೆ ದಾರಿಯಾದರೂ ಇರುತ್ತಿತ್ತು. ಮನೆಗೆ ಬಂದು ರೇಡಿಯೋ ಹಾಕಿ, ಹವಾಮಾನ ಕೇಳಿ, ಅದನ್ನು ಹೇಳಲು ಯಾರೂ ಇಲ್ಲದೆ ಆರಿಸಿದಳು.

ಮರುವಾರ ಮಂಗಳವಾರ, ಒಂಬತ್ತು ದಿನದ ಗಂಡುಕೂಸು ಬಂತು. ಜೋಸಿಗೆ ಇದ್ದದ್ದೇ ತೊಂದರೆ, ತೂಕ ಮೂರು ಕಿಲೋಗೆ ಕೊಂಚ ಕಡಮೆ. ಆರೂವರೆಗೆ ಲಿಬ್ಬಿ ಹೊಸ ಕಾರ್ಡು ನೋಡಿಕೊಂಡು ತುಂಬಿಸಿದಳು: ಕೆಂಪು ಕಣ, ಆಲ್ಬುಮಿನ್, ಬೆಚ್ಚಗೆ ಕರಗಿಸಿದ ಪ್ಲಾಸ್ಮಾ, ಎಂದರೆ ರಕ್ತದ ತಿಳಿಭಾಗ. ಪ್ಲಾಸ್ಮಾದ ಚೀಲವನ್ನು ಬೆಳಕಿಗೆ ಹಿಡಿದಳು. ಯಾರೋ ಕಂಡೋರದ್ದು, ತಿಳಿಹಳದಿ. ಅದರಲ್ಲೇ ಇತ್ತು, ಅವಳು ಚಿಕ್ಕಂದಿನಲ್ಲಿ ಎಳೆದು ನಾಯಿಗೆ ಎಸೆಯುತ್ತಿದ್ದ ನಾರು. ಕೊಳವೆಯಲ್ಲಿ ಗುಳ್ಳೆಗಳು ಹೋಗುವವರೆಗೆ ಬೆರಳಿನಿಂದ ತಟ್ಟಿದಳು.

"ಪಂಪು ರೆಡಿನಾ?" ಎಂದಳು ಇನೆಸ್.

"ರೆಡಿ."

ಮೂರು ಗಂಟೆಯ ಹೊತ್ತಿಗೆ ಎದೆ ಮುಚ್ಚಿ ಆಗಿತ್ತು. ಎದೆಯಿಂದ ಹೊರಬರುವ ಕೊಳವೆಯ ಕೆಳಗಿನ ಡಬ್ಬಿಯಲ್ಲಿ ಎರಡು ಚಮಚದಷ್ಟು ಕೆಂಪು, ಅಷ್ಟೇ. ಅರಿವಳಿಕೆಯವನು ಬಗ್ಗಿ ನೋಡಿ, "ಎಂಥಾ ಕೈಯಪ್ಪಾ ನಿಮ್ದು! ಹೊಲಿಗೆ ಅಂದ್ರೆ ಇದು," ಎಂದ ಇನೆಸ್‌ಗೆ. ಇನೆಸ್ ಮಾಸ್ಕಿನ ಹಿಂದೆ ನಕ್ಕಳು. ಟ್ರಿಶ್ ಮೂಲೆಯಿಂದ ಲಿಬ್ಬಿಯತ್ತ ಕಣ್ಣು ಹೊಡೆದಳು. ಲಿಬ್ಬಿ ಕೊಳವೆಗಳನ್ನು ಬಿಚ್ಚಿ ಹಳದಿ ಚೀಲಕ್ಕೆ ತುಂಬುತ್ತಿದ್ದಳು. ಹೊಗಳಿಕೆ ತನ್ನತ್ತ ಬರಲಿಲ್ಲವೆಂದು ಅವಳಿಗೆ ಬೇಸರವಾಗಲಿಲ್ಲ. ಬೈಗುಳವೂ ಒಂಬತ್ತು ವರ್ಷ ಅದೇ ದಾರಿಯಲ್ಲಿ ತಪ್ಪಿ ಹೋಗಿತ್ತಲ್ಲ.

ಗುರುವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ಅವಳ ಕಾಗದವೇ. ಮೂರೂ ಚಿತ್ರಗಳ ಮೇಲೆ ಸೀಸದ ಕಡ್ಡಿಯಲ್ಲಿ ಅಡ್ಡಗೆರೆಗಳನ್ನೆಳೆದು, ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿತ್ತು. ಒಂದು ಕಡೆ ಅಳಿಸಿ ಮತ್ತೆ ಅಳೆದ ಗುರುತೂ ಇತ್ತು. ಜೊತೆಗೆ ಒಂದು ರಬ್ಬರು ಬೆರಳು, ಹೊಲಿದದ್ದು. ಅದರಲ್ಲಿ ಒಂದು ಹೊಲಿಗೆ ಉಳಿದವಕ್ಕಿಂತ ಒಂದೆಳೆ ದೂರ ಇತ್ತು, ಬೇಕೆಂದೇ ಹಾಕಿದಂತೆ. ಕಾಗದದ ತಳದಲ್ಲಿ ಕ್ವಿಗ್ಲಿಯ ಸೊಟ್ಟ ಅಕ್ಷರ: 'ನಿನ್ನ ಅಳತೆ ಸರಿ. ಮೂರನೆಯ ಹೊಲಿಗೆಯೂ ಹೀಗೇ ಇತ್ತು, ನಾನು ನೋಡಿದ್ದೇನೆ. ಅದನ್ನು ನೀನು ತೆಗೆದುಕೊಂಡು ಹೋಗುವ ಹಾಗಿಲ್ಲ.'

ಶುಕ್ರವಾರದ ಬಗ್ಗೆ ಏನೂ ಬರೆದಿರಲಿಲ್ಲ. ಕಾಲೇಜಿನ ಬಗ್ಗೆಯೂ ಇಲ್ಲ.

ಲಿಬ್ಬಿ ಆ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ನೀರು ತುಂಬಿಸಿದಳು. ದೂರ ಬಿಟ್ಟ ಹೊಲಿಗೆಯಲ್ಲಿ ಒಂದು ಹನಿ ಮೂಡಿತು, ಬಹಳ ಹೊತ್ತು ನಿಂತಿತು, ಬಿತ್ತು. ಇನ್ನೊಂದು ಮೂಡಿತು. ಒಳ್ಳೆಯ ರಕ್ತವಾಗಿದ್ದರೆ ಅಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಹೊಲಿಗೆ ಹತ್ತಿರವಿದ್ದರೆ ಗಂಜಿಯೂ ಹೇಗೋ ನಡೆದುಹೋಗುತ್ತಿತ್ತು. ಇಬ್ಬರಲ್ಲಿ ಯಾರೊಬ್ಬರು ಸರಿ ಇದ್ದಿದ್ದರೂ ಸಾಕಿತ್ತು.

ಬೆರಳನ್ನು ಒರೆಸಿ, ಯಂತ್ರಕ್ಕೆ ವಂದಿಸಿದ ಹಳೆಯ ಕಾರ್ಡಿನ ಪಕ್ಕದಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಶುಕ್ರವಾರ ಐದಕ್ಕೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಳು. ಪೇಜರನ್ನು ಉಪ್ಪಿನ ಡಬ್ಬಿಯ ಹತ್ತಿರ ಇಟ್ಟಳು. ಹೊರಗೆ ವಿಂಟನ್ ಬೀದಿಯಲ್ಲಿ ಹಿಮ ಸಣ್ಣಗೆ ಬೀಳುತ್ತಿತ್ತು, ಪ್ರತಿ ಕಾರಿನ ಬೆಳಕೂ ಕಿಟಕಿಯ ಮೇಲೆ ಹಾದು ಮುಂದೆ ಹೋಗುತ್ತಿತ್ತು.

"ಒಂದೋ, ಎರಡೋ?" ಎಂದಳು ವಿಲ್ಮಾ.

"ಎರಡು."

"ಬರ್ತಾರಾ?"

"ಗೊತ್ತಿಲ್ಲ."

ಏಳು ಗಂಟೆಗೆ ತನ್ನ ಮೀನು ಮುಗಿಸಿ, ಎದುರಿನ ತಟ್ಟೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು.

"ಆರ್ದ್ ಮೇಲೆ ಚೆನ್ನಾಗಿರಲ್ಲ ಕಣೇ," ಎಂದಳು ವಿಲ್ಮಾ.

"ಗೊತ್ತು," ಎಂದಳು ಲಿಬ್ಬಿ. "ಮುಂದಿನ್ ವಾರಾನೂ ಎರಡು."